ಫ್ಯಾಕ್ಟೋರಿಯಾದಲ್ಲಿ ಕಳಚಿದ ಕೊಂಡಿ

ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ಸದಸ್ಯರೊಬ್ಬರ ತಂದೆಯವರು ಹಾಸನದ ಕಡೆಯಿಂದ ಇಲ್ಲಿಗೆ ಬಂದಿದ್ದರು. ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷ ಮಳೆ ಬಿಸಿಲೆನ್ನದೆ ಸೈಕಲ್ ತುಳಿದುಕೊಂಡೇ ಶಾಲೆಗೆ ಹೋಗಿ ಬಂದವರು. ಮಗನ ಮನೆ ಫ್ಯಾಕ್ಟೋರಿಯಾದ ಪಕ್ಕದ ಗುಡ್ಡದ ಮೇಲೆ. ಬಾಲ್ಕನಿಯಲ್ಲಿ ನಿಂತರೆ ಅಂಗಡಿಗಳ ಸಾಲು ಕೈಗೆ ಎಟುಕುವಂತೆ ಕಾಣುತ್ತದೆ. ಆದರೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಬೇಕಾದರೂ ಮಗ ಆಫೀಸಿನಿಂದ ಬರುವವರೆಗೆ ಕಾಯಬೇಕು. ಒಂದು ದಿನ ಅವರು ನನ್ನನ್ನು ಕೇಳಿದರು: “ಅಲ್ಲ ಕಣಯ್ಯ, ಕಣ್ಣಿಗೆ ಕಾಣೋ ಅಂಗಡಿಗೆ ಹೋಗೋಕೂ ಕಾರು ತೆಗೀಬೇಕಾ? ಒಂದು ಸೈಕಲ್ ಕೊಡ್ಸಿ, ನಾನೇ ಹೋಗಿ ಬರ್ತೀನಿ.”

ಸೈಕಲ್ ಕೊಡಿಸುವುದು ಕಷ್ಟವಾಗಿರಲಿಲ್ಲ. ಆದರೆ ಆ ಆರೇಳು ಲೇನಿನ ರಸ್ತೆಗೆ ಅವರನ್ನು ಇಳಿಸುವ ಧೈರ್ಯ ನಮಗೆ ಯಾರಿಗೂ ಬರಲಿಲ್ಲ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ನಾನು ಅವರನ್ನು ಐ-90 ಹೆದ್ದಾರಿಯ ಪಕ್ಕದ ಸೈಕಲ್ ದಾರಿಗೆ ಕರೆದುಕೊಂಡು ಹೋದೆ. ಮರ್ಸರ್ ಸ್ಲೂ ಜೌಗುನೆಲವನ್ನು ದಾಟಿ, ಸರೋವರದ ಗಾಳಿ ಕುಡಿದು, ಹುಡುಗರಂತೆ ಗಂಟೆ ಬಾರಿಸುತ್ತಾ ಹಿಂದಿರುಗಿದರು. ಆಮೇಲೆ ಪೂರ್ವಕ್ಕೆ ತಿರುಗಿ ಇನ್ನಷ್ಟು ದೂರ ಹೋಗೋಣವೆಂದರು. ಸ್ವಲ್ಪ ಹೊತ್ತಿಗೆ ದಾರಿ ಮುಗಿದು ನಾವು ಮೋಟಾರುಗಳ ರಸ್ತೆಯ ಅಂಚಿನಲ್ಲಿ ನಿಂತಿದ್ದೆವು. “ಇಲ್ಲಿಂದ ಮುಂದೆ?” ಎಂದರು ಮೇಷ್ಟ್ರು.

ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದನ್ನು ಈ ಸಂಚಿಕೆಯ ಓದುಗರೊಡನೆ ಹಂಚಿಕೊಳ್ಳುತ್ತಿದ್ದೇನೆ. ನಾನು ವೃತ್ತಿಯಿಂದ ರಸಾಯನಶಾಸ್ತ್ರದವನು, ಇತಿಹಾಸಕಾರನಲ್ಲ. ತಪ್ಪು ಕಂಡರೆ ಹಿರಿಯರು ತಿದ್ದಬೇಕು.

ಮೊದಲು ಈ ಊರಿನ ಹೆಸರನ್ನು ನೋಡೋಣ. ಫ್ಯಾಕ್ಟೋರಿಯಾ ಎಂಬ ಹೆಸರಿನಲ್ಲಿಯೇ ಫ್ಯಾಕ್ಟರಿ ಇದೆ. 1890ರ ದಶಕದಲ್ಲಿ, ಪಕ್ಕದ ನ್ಯೂಕ್ಯಾಸಲ್ ಗುಡ್ಡಗಳ ಕಲ್ಲಿದ್ದಲನ್ನು ನಂಬಿಕೊಂಡು, ಇಲ್ಲಿ ದೊಡ್ಡ ಕೈಗಾರಿಕಾ ಪಟ್ಟಣ ಏಳುತ್ತದೆಂದು ಕೆಲವರು ಕನಸು ಕಂಡರು. ಕಾರ್ಖಾನೆಗಳ ಸಾಲು, ದೊಡ್ಡ ರೈಲು ನಿಲ್ದಾಣ, ಎಲ್ಲವೂ ಕಾಗದದ ಮೇಲೆ ಸಿದ್ಧವಾಗಿತ್ತು. ಕನಸಿನ ಬಹುಪಾಲು ಕಾಗದದಲ್ಲಿಯೇ ಉಳಿಯಿತು. ಕಾರ್ಖಾನೆಗಳ ಬದಲು ಬಂದದ್ದು ರಸ್ತೆಗಳು. ಪೂರ್ವ ಪಶ್ಚಿಮವಾಗಿ ಓಡುವ ಐ-90, ಉತ್ತರ ದಕ್ಷಿಣವಾಗಿ ಓಡುವ ಐ-405, ಎರಡೂ ಹೆದ್ದಾರಿಗಳು ಕೂಡುವ ಮೂಲೆಯೇ ಇಂದಿನ ಫ್ಯಾಕ್ಟೋರಿಯಾ. 1977ರಲ್ಲಿ ಮಾಲ್ ಬಂತು. 1993ರಲ್ಲಿ ಈ ಪ್ರದೇಶ ಬೆಲ್ಲೆವ್ಯೂ ನಗರಕ್ಕೆ ಸೇರಿತು. ಕಾರಿನಲ್ಲಿ ಬರುವವರಿಗೆ ಇದಕ್ಕಿಂತ ಅನುಕೂಲದ ಜಾಗವಿಲ್ಲ. ಕಾಲಿನಲ್ಲಿ ಬರುವವರಿಗೆ ಮಾತ್ರ ಎರಡು ಹೆದ್ದಾರಿಗಳ ನಡುವೆ ಸಿಕ್ಕಿದ ದ್ವೀಪ.

ಇದೆಲ್ಲ ಅಮೆರಿಕಾದ ಸ್ವಭಾವ, ಇಲ್ಲಿ ಮೊದಲಿನಿಂದಲೂ ಕಾರಿನದೇ ರಾಜ್ಯ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಿರಲಿಲ್ಲ. 1890ರ ದಶಕದಲ್ಲಿ, ಮೋಟಾರು ಬರುವ ಮೊದಲು, ಸಿಯಾಟಲ್ ನಗರಕ್ಕೆ ಸೈಕಲ್ಲಿನ ಹುಚ್ಚು ಹಿಡಿದಿತ್ತು. ಊರಿನ ರಸ್ತೆಗಳೆಂದರೆ ಮಳೆಗಾಲದಲ್ಲಿ ಕೆಸರಿನ ಗುಂಡಿ, ಬೇಸಿಗೆಯಲ್ಲಿ ಧೂಳು. ಮೇಲೆ ಕುದುರೆಗಾಡಿಗಳ ಕಾಟ. 1896ರಲ್ಲಿ ಸೈಕಲ್ ಸವಾರರು ಕ್ವೀನ್ ಸಿಟಿ ಗುಡ್ ರೋಡ್ಸ್ ಕ್ಲಬ್ ಎಂಬ ಸಂಘವನ್ನು ಕಟ್ಟಿದರು. ನಗರದ ಸಹಾಯಕ ಇಂಜಿನಿಯರಾಗಿದ್ದ ಜಾರ್ಜ್ ಕಾಟರಿಲ್ ಎಂಬಾತ ಕಾಡು ಗುಡ್ಡಗಳನ್ನು ಕಾಲಿನಲ್ಲಿ ಅಳೆದು, ಏರು ಕಡಿಮೆಯಿರುವ ಜಾಗಗಳನ್ನು ಹುಡುಕಿ, ಸೈಕಲ್ಲಿಗೆಂದೇ ದಾರಿಗಳ ನಕ್ಷೆ ಹಾಕಿದ. 1897ರಲ್ಲಿ ಪೇಟೆಯಿಂದ ವಾಷಿಂಗ್ಟನ್ ಸರೋವರದವರೆಗೆ ಮೊದಲ ದಾರಿ ತೆರೆಯಿತು. ಕಾಲಕ್ರಮದಲ್ಲಿ ಇಂಥ ದಾರಿಗಳು ಸುಮಾರು 25 ಮೈಲಿ ಬೆಳೆದವು.

ಗಮನಿಸಿ, ಇದನ್ನು ಕೇಳಿದವರು ಒಂದು ಸಂಘದವರು. ನಮ್ಮ ಸಂಘದಂತೆಯೇ ಚಂದಾ ಎತ್ತಿ, ಸಭೆ ಸೇರಿ, ಚಹಾ ಕುಡಿದು ಜಗಳವಾಡಿದವರೇ ಇರಬೇಕು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ನಮ್ಮ ಗಾದೆ ಅಲ್ಲಿಯೂ ಸಲ್ಲುತ್ತದೆ.

ಆದರೆ ಆ ದಾರಿಗಳು ಉಳಿಯಲಿಲ್ಲ. 1903ರಲ್ಲಿ ಓಲ್ಮ್‌ಸ್ಟೆಡ್ ಸಹೋದರರ ಸಂಸ್ಥೆ ಸಿಯಾಟಲ್ಲಿನ ಉದ್ಯಾನಗಳಿಗೂ ವಿಹಾರ ರಸ್ತೆಗಳಿಗೂ ಯೋಜನೆ ಹಾಕಿಕೊಟ್ಟಾಗ ಸೈಕಲ್ ದಾರಿಯ ಕೆಲವು ಭಾಗಗಳು ಅಗಲವಾಗಿ ರಸ್ತೆಗಳಾದವು. ಇಂದಿನ ಇಂಟರ್‌ಲಾಕೆನ್ ಬುಲೆವಾರ್ಡ್ ಹಾಗೆ ಹುಟ್ಟಿದ್ದು. ಆ ಹೊತ್ತಿಗೆ ಮೋಟಾರು ಕಾಲಿಟ್ಟಿತ್ತು. ಸೈಕಲ್ಲಿಗಾಗಿ ಹುಡುಕಿದ ಒಳ್ಳೆಯ ಏರಿಳಿತವನ್ನು ಮೋಟಾರು ಅನುಭವಿಸಿತು. ಕಾಟರಿಲ್ ಮುಂದೆ 1912ರಿಂದ 1914ರವರೆಗೆ ಊರಿನ ಮೇಯರ್ ಕೂಡ ಆದ. ಆದರೂ ಅವನ ದಾರಿಗಳ ಹೆಸರು ಹೇಳುವವರು ಅರವತ್ತು ಎಪ್ಪತ್ತು ವರ್ಷ ಇರಲಿಲ್ಲ. ಸೈಕಲ್ಲು ಮಕ್ಕಳ ಆಟದ ಸಾಮಾನಾಯಿತು.

ಎರಡನೆಯ ಅಧ್ಯಾಯ ಆರಂಭವಾಗುವುದು ರೈಲಿನಿಂದ. 1873ರಲ್ಲಿ ನಾರ್ದರ್ನ್ ಪೆಸಿಫಿಕ್ ರೈಲು ಕಂಪನಿ ತನ್ನ ಕೊನೆಯ ನಿಲ್ದಾಣಕ್ಕೆ ಸಿಯಾಟಲ್ಲನ್ನು ಬಿಟ್ಟು ಟಕೋಮಾವನ್ನು ಆರಿಸಿತು. ಸಿಯಾಟಲ್ಲಿನವರಿಗೆ ಇದು ಮರೆಯಲಾರದ ಅವಮಾನ. 1885ರಲ್ಲಿ ಥಾಮಸ್ ಬರ್ಕ್, ಡೇನಿಯಲ್ ಗಿಲ್ಮನ್ ಮತ್ತಿತರರು ಸೇರಿ ತಮ್ಮದೇ ರೈಲು ಕಂಪನಿ ಕಟ್ಟಿದರು. ಸರೋವರದ ಉತ್ತರ ದಂಡೆಯನ್ನು ಬಳಸಿ, ಸಮಾಮಿಶ್ ಸರೋವರದ ಪೂರ್ವ ದಂಡೆ ಹಿಡಿದು, 1888ರಲ್ಲಿ ಹಳಿ ಕಲ್ಲಿದ್ದಲಿನ ಊರನ್ನು ಮುಟ್ಟಿತು. ಆ ಊರಿಗೆ ಆಗ ಗಿಲ್ಮನ್ ಎಂದೇ ಹೆಸರು. ಇಂದು ನಮ್ಮ ಹಲವು ಕುಟುಂಬಗಳು ವಾಸವಾಗಿರುವ ಇಸಾಕ್ವಾ ಅದೇ.

ಕಲ್ಲಿದ್ದಲು ಮುಗಿಯಿತು, ಮರದ ದಿಮ್ಮಿಗಳು ಲಾರಿ ಹತ್ತಿದವು. 1971ರಲ್ಲಿ ಬರ್ಲಿಂಗ್‌ಟನ್ ನಾರ್ದರ್ನ್ ಕಂಪನಿ ಸಿಯಾಟಲ್ ಭಾಗದ ಹಳಿಯನ್ನು ಕೈಬಿಟ್ಟಿತು. ಪಾಳು ಬಿದ್ದ ಹಳಿಯ ಜಾಗ ಯಾರಿಗೆ ಸೇರಬೇಕು? ಅಕ್ಕಪಕ್ಕದ ಮನೆಗಳವರಲ್ಲಿ ಹಲವರು ತಮಗೆ ಎಂದರು. ದಾರಿ ಮಾಡಿದರೆ ಕಳ್ಳಕಾಕರು ಬರುತ್ತಾರೆ, ಮನೆಗಳ ಬೆಲೆ ಬೀಳುತ್ತದೆ ಎಂಬ ಹೆದರಿಕೆ ಅವರದು. ಸೈಕಲ್ಲು ತುಳಿಯುವವರೂ ನಡೆಯುವವರೂ, ಇದು ಎಲ್ಲರಿಗೂ ಸೇರಿದ ದಾರಿಯಾಗಲಿ ಎಂದರು. 1971ರ ಸೆಪ್ಟೆಂಬರ್ 12ರಂದು ಸುಮಾರು 2,000 ಜನ ಹೆಂಡತಿ ಮಕ್ಕಳೊಡನೆ ಆ ಹಳಿಯ ಗುಂಟ ನಡೆದು, ಸೈಕಲ್ಲು ತುಳಿದು ಮ್ಯಾಥ್ಯೂಸ್ ಬೀಚಿನಲ್ಲಿ ಸೇರಿದರು. ಕೂಗಾಟವಿಲ್ಲ, ಕಲ್ಲೆಸೆತವಿಲ್ಲ, ಇಷ್ಟು ಜನರಿಗೆ ಇದು ಬೇಕಾಗಿದೆ ಎಂದು ಕಣ್ಣಿಗೆ ಕಾಣುವಂತೆ ಮಾಡಿದರು. ಏಳು ವರ್ಷದ ಮಾತುಕತೆಯ ನಂತರ 1978ರ ಆಗಸ್ಟಿನಲ್ಲಿ ಬರ್ಕ್-ಗಿಲ್ಮನ್ ದಾರಿ ತೆರೆಯಿತು. ಉದ್ದ ಸುಮಾರು 12 ಮೈಲಿ.

ಮನೆಯ ಬೆಲೆಯ ಹೆದರಿಕೆ ಏನಾಯಿತು? ಒಂಬತ್ತು ವರ್ಷದ ನಂತರ, 1987ರಲ್ಲಿ, ನಗರದ ಇಂಜಿನಿಯರಿಂಗ್ ಇಲಾಖೆಯವರು ಇದನ್ನೇ ಪರೀಕ್ಷೆ ಮಾಡಿದರು. ಅಕ್ಕಪಕ್ಕದ ನಿವಾಸಿಗಳನ್ನೂ ಮನೆ ಮಾರುವ ದಲ್ಲಾಳಿಗಳನ್ನೂ ಪೊಲೀಸರನ್ನೂ ಕೇಳಿದರು. ದಾರಿಯಿಂದ ಕಳ್ಳತನ ಹೆಚ್ಚಿರಲಿಲ್ಲ. ದಾರಿಗೆ ತೀರ ಅಂಟಿಕೊಂಡಿರದೆ ಹತ್ತಿರದಲ್ಲಿರುವ ಮನೆಗಳು ಶೇಕಡಾ 6ರಷ್ಟು ಹೆಚ್ಚಿನ ಬೆಲೆಗೆ ಹೋಗುತ್ತಿದ್ದವು. ಮನೆ ಕೊಳ್ಳುವುದೇ ಮುಖ್ಯ ಚರ್ಚಾವಿಷಯವಾಗಿರುವ ನಮ್ಮ ಕೂಟಗಳಲ್ಲಿ ಈ ಅಂಕಿಯನ್ನು ನೆನಪಿಡಬಹುದು.

ರೈಲಿನ ಜಾಗವೇ ಸೈಕಲ್ಲಿಗೆ ಇಷ್ಟು ಒಳ್ಳೆಯದೇಕೆ? ಎರಡು ಕಾರಣ. ರೈಲಿನ ಇಂಜಿನ್ನು ಕಡಿದಾದ ಏರನ್ನು ಹತ್ತಲಾರದು. ನೂರು ಅಡಿಗೆ ಒಂದೆರಡು ಅಡಿಗಿಂತ ಹೆಚ್ಚು ಏರಿದರೆ ಅದಕ್ಕೆ ಉಸಿರು ಕಟ್ಟುತ್ತದೆ. ಹಾಗಾಗಿ ಹಳಿ ಹಾಕಿದವರು ಗುಡ್ಡ ಕಡಿದು, ಹಳ್ಳ ತುಂಬಿ, ದಾರಿಯನ್ನು ಸಪಾಟು ಮಾಡಿಟ್ಟಿರುತ್ತಾರೆ. ಅರವತ್ತು ದಾಟಿದವರೂ ಏದುಸಿರಿಲ್ಲದೆ ತುಳಿಯಬಹುದು. ಎರಡನೆಯದು, ರಸ್ತೆಗಳು ಹಳಿಯನ್ನು ಅಡ್ಡ ದಾಟುವುದು ಕಡಿಮೆ. ಸೈಕಲ್ಲಿನವನಿಗೆ ಅಪಾಯವಿರುವುದು ನೇರ ದಾರಿಗಿಂತ ಹೆಚ್ಚಾಗಿ ಕೂಡುರಸ್ತೆಗಳಲ್ಲಿ, ಕಾರು ಬಲಕ್ಕೆ ಹೊರಳುವ ಮೂಲೆಗಳಲ್ಲಿ.

ಇಲ್ಲಿ ಕಾಲೇಜಿನ ಒಂದು ಲೆಕ್ಕವನ್ನು ನೆನಪಿಸುತ್ತೇನೆ. ಓಡುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 20 ಮೈಲಿಯ ಕಾರಿಗಿಂತ 40 ಮೈಲಿಯ ಕಾರು ಎರಡರಷ್ಟಲ್ಲ, ನಾಲ್ಕರಷ್ಟು ಹೊಡೆತ ಹೊತ್ತು ತರುತ್ತದೆ. ರಸ್ತೆಯ ಅಂಚಿಗೆ ಎಳೆದ ಬಿಳಿ ಗೆರೆ ಆ ಹೊಡೆತವನ್ನು ತಡೆಯುವುದಿಲ್ಲ. ಬಣ್ಣ ಗೋಡೆಯಲ್ಲ. ವೇಗದ ಮೋಟಾರನ್ನೂ ಸೈಕಲ್ಲನ್ನೂ ಬೇರೆ ಬೇರೆ ದಾರಿಯಲ್ಲಿ ಓಡಿಸುವುದೊಂದೇ ಖಾತರಿಯಾದ ಉಪಾಯ.

ಇದನ್ನು ಹಾಲೆಂಡಿನವರು ದುಬಾರಿ ಬೆಲೆ ಕೊಟ್ಟು ಕಲಿತರು. ಆ ದೇಶ ಹುಟ್ಟಿನಿಂದಲೇ ಸೈಕಲ್ಲಿನ ಸ್ವರ್ಗವೆಂದು ನಾವು ತಿಳಿಯುತ್ತೇವೆ. 1950 ಮತ್ತು 60ರ ದಶಕಗಳಲ್ಲಿ ಅಲ್ಲಿಯೂ ಕಾರು ತುಂಬಿ ಸೈಕಲ್ಲು ಮೂಲೆ ಸೇರುತ್ತಿತ್ತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆ ತಾಯಂದಿರು ಬೀದಿಗಿಳಿದರು. ಮಕ್ಕಳ ಕೊಲೆ ನಿಲ್ಲಿಸಿ ಎಂಬುದೇ ಅವರ ಚಳವಳಿಯ ಹೆಸರು. 1973ರಲ್ಲಿ ಅರಬ್ ದೇಶಗಳ ಎಣ್ಣೆ ನಿಂತಾಗ ಸರಕಾರ ಕೆಲವು ಭಾನುವಾರ ಕಾರುಗಳನ್ನೇ ನಿಲ್ಲಿಸಿತು. ಖಾಲಿ ರಸ್ತೆಯಲ್ಲಿ ಮಕ್ಕಳು ಸೈಕಲ್ಲು ಹೊಡೆಯುವುದನ್ನು ದೇಶವೆಲ್ಲ ಕಂಡಿತು. ಇಂದಿನ ಅಲ್ಲಿನ ದಾರಿಗಳ ಬುಡದಲ್ಲಿರುವುದು ಆ ವರ್ಷಗಳ ದುಃಖ ಮತ್ತು ಹಟ.

ಈಗ ನಮ್ಮ ಐ-90ಕ್ಕೆ ಬರೋಣ. ವಾಷಿಂಗ್ಟನ್ ಸರೋವರದ ಮೇಲೆ ಮೊದಲ ತೇಲುವ ಸೇತುವೆ 1940ರ ಜುಲೈ 2ರಂದು ತೆರೆಯಿತು. ಸರೋವರದ ಪೂರ್ವದ ತೋಟ ಕಾಡುಗಳು ಮನೆಗಳಾಗಲು ಅದೇ ಬೀಜ. ಮುಂದೆ ಹೆದ್ದಾರಿಯನ್ನು ಅಗಲ ಮಾಡುವ ಮಾತು ಬಂದಾಗ ಸಿಯಾಟಲ್ಲಿನವರೂ ಮರ್ಸರ್ ಐಲೆಂಡಿನವರೂ ಸುಮ್ಮನೆ ಒಪ್ಪಲಿಲ್ಲ. ವರ್ಷಗಟ್ಟಲೆ ವಾದ ನಡೆದು 1976ರ ಡಿಸೆಂಬರಿನಲ್ಲಿ ಒಂದು ಒಪ್ಪಂದವಾಯಿತು. ಹೆದ್ದಾರಿ ಬರಲಿ, ಆದರೆ ಅದರ ಮೇಲೆ ಮುಚ್ಚಳ ಹಾಕಿ ಉದ್ಯಾನ ಮಾಡಿ. ಬಸ್ಸಿಗೆ ಬೇರೆ ಜಾಗ ಬಿಡಿ ಎಂಬಂಥ ಷರತ್ತುಗಳಿದ್ದವು. ಆಗ ಮರ್ಸರ್ ಐಲೆಂಡಿನ ಮೇಯರ್ ಆಗಿ ಹೋರಾಡಿದ ಆಬ್ರಿ ಡೇವಿಸ್ ಅವರ ಹೆಸರನ್ನೇ ಇಂದು ಹೆದ್ದಾರಿಯ ಮುಚ್ಚಳದ ಮೇಲಿನ ಉದ್ಯಾನಕ್ಕೆ ಇಟ್ಟಿದ್ದಾರೆ.

1989ರಲ್ಲಿ ಹಳೆಯ ಸೇತುವೆಯ ಪಕ್ಕದಲ್ಲಿ ಎರಡನೆಯ ತೇಲುವ ಸೇತುವೆ ತೆರೆದಾಗ ಅದರ ಉತ್ತರದ ಅಂಚಿನಲ್ಲಿ ಗೋಡೆಯಿಂದ ಬೇರ್ಪಡಿಸಿದ ಹತ್ತು ಅಡಿ ಅಗಲದ ದಾರಿ ಸೈಕಲ್ಲಿಗೂ ಕಾಲಿಗೂ ಸಿಕ್ಕಿತು. ಮೌಂಟ್ ಬೇಕರ್ ಗುಡ್ಡದಲ್ಲಿ ಕೊರೆದ ಹೊಸ ಸುರಂಗದ ಒಳ ಅಡ್ಡಳತೆ 63 ಅಡಿ. ಅಷ್ಟು ದೊಡ್ಡ ಕೊಳವೆಯೊಳಗೆ ಮೋಟಾರುಗಳ ನೆತ್ತಿಯ ಮೇಲೆ ನಮಗೂ ಒಂದು ಅಂತಸ್ತು. 1990ರ ನವೆಂಬರ್ 25ರಂದು, ರಿಪೇರಿ ನಡೆಯುತ್ತಿದ್ದ ಹಳೆಯ ಸೇತುವೆಯ ಭಾಗ ಬಿರುಗಾಳಿಯ ದಿನಗಳಲ್ಲಿ ಮುಳುಗಿಹೋದ ಕಥೆ ನಿಮಗೆ ಗೊತ್ತಿರಬಹುದು. ಅದನ್ನು ಮತ್ತೆ ಕಟ್ಟಿ 1993ರಲ್ಲಿ ಹೆದ್ದಾರಿಯ ಕೆಲಸ ಮುಗಿಯಿತು. ಹೀಗೆ ಸಿಯಾಟಲ್ಲಿನಿಂದ ಸುರಂಗ, ಸೇತುವೆ, ದ್ವೀಪ, ಜೌಗುನೆಲ ಎಲ್ಲವನ್ನೂ ಮೋಟಾರಿನ ಗೊಡವೆಯಿಲ್ಲದೆ ದಾಟಿ ಬರುವ ದಾರಿ ಆಯಿತು. ಆ ಜೌಗುನೆಲವೂ ಒಂದು ಕಾಲಕ್ಕೆ ಸರೋವರದ ತಳವೇ. 1916ರಲ್ಲಿ ಹಡಗು ಕಾಲುವೆ ತೋಡಿ ಸರೋವರದ ಮಟ್ಟ ಸುಮಾರು ಒಂಬತ್ತು ಅಡಿ ಇಳಿದಾಗ ಮೇಲೆದ್ದ ನೆಲ ಅದು.

ಇಷ್ಟೆಲ್ಲ ಕಷ್ಟದ ಜಾಗಗಳನ್ನು ದಾಟಿದ ದಾರಿ ಫ್ಯಾಕ್ಟೋರಿಯಾಕ್ಕೆ ಬಂದು ನಿಂತುಬಿಟ್ಟಿತು. ಪೂರ್ವಕ್ಕೆ ಲೇಕ್‌ಮಾಂಟ್ ಬುಲೆವಾರ್ಡಿನವರೆಗೆ ಮೂರೂವರೆ ಮೈಲಿಗೆ ಸ್ವಲ್ಪ ಹೆಚ್ಚು. ಅದರಾಚೆ ಇಸಾಕ್ವಾ ಕಡೆಗೆ ಮತ್ತೆ ದಾರಿ ಇದೆ. ನಡುವೆ ಹೆದ್ದಾರಿಗೆ ಅಂಟಿದ ಪಕ್ಕದ ರಸ್ತೆ, ಆಫೀಸುಗಳ ಗೇಟುಗಳು, ಹೆದ್ದಾರಿಗೆ ಹತ್ತಿ ಇಳಿಯುವ ಕವಲುಗಳು. ಸರೋವರವನ್ನು ದಾಟಿಸಿದವರಿಗೆ ಮೂರೂವರೆ ಮೈಲಿ ರಸ್ತೆ ದಾಟಿಸುವುದು ಯಾಕೆ ಇಷ್ಟು ತಡವಾಯಿತು?

ಉತ್ತರ ಸರಳ. ಸೇತುವೆ ಕಟ್ಟುವಾಗ ಸೈಕಲ್ ದಾರಿ ದೊಡ್ಡ ಲೆಕ್ಕದೊಳಗೆ ಸಣ್ಣ ಬಾಬ್ತಾಗಿ ಸೇರಿಹೋಗುತ್ತದೆ. ಫ್ಯಾಕ್ಟೋರಿಯಾದಲ್ಲಿ ಹಾಗಲ್ಲ. ಅಲ್ಲಿ ರಸ್ತೆಗಳೆಲ್ಲ ಆಗಲೇ ಕಟ್ಟಿ ಮುಗಿದಿದ್ದವು. ಇದ್ದ ಕವಲುಗಳ ಸಂದಿಯಲ್ಲಿ ಹೊಸದಾಗಿ ದಾರಿ ತೂರಿಸಬೇಕು. ಒಂದು ಕಡೆ ರಾಜ್ಯದ ಹೆದ್ದಾರಿ ಇಲಾಖೆಯ ಜಾಗ, ಇನ್ನೊಂದು ಕಡೆ ನಗರದ ರಸ್ತೆ. ಹಣಕ್ಕೆ ನಗರ, ರಾಜ್ಯ, ಕೇಂದ್ರ ಮೂರೂ ಬಾಗಿಲು ತಟ್ಟಬೇಕು. ಸುಲಭದ ತುಂಡು ಮೊದಲು ಆಗುತ್ತದೆ. ಕಷ್ಟದ ತುಂಡು ಒಂದು ತಲೆಮಾರು ಕಾಯುತ್ತದೆ.

ರಸಾಯನಶಾಸ್ತ್ರದಲ್ಲಿ ನಾವು ದಿನವೂ ಕಾಣುವ ಸಂಗತಿಯೊಂದಿದೆ. ಐದಾರು ಹಂತಗಳಲ್ಲಿ ನಡೆಯುವ ಕ್ರಿಯೆಯಲ್ಲಿ ಎಲ್ಲಕ್ಕಿಂತ ನಿಧಾನದ ಹಂತವೇ ಒಟ್ಟು ವೇಗವನ್ನು ನಿರ್ಧರಿಸುತ್ತದೆ. ಉಳಿದ ಹಂತಗಳನ್ನು ಎಷ್ಟು ಚುರುಕು ಮಾಡಿದರೂ ಲಾಭವಿಲ್ಲ. ಸೈಕಲ್ ದಾರಿಯೂ ಹಾಗೆಯೇ. ಹತ್ತು ಮೈಲಿ ಸುಖದ ದಾರಿಯ ನಡುವೆ ಇನ್ನೂರು ಗಜ ಅಪಾಯವಿದ್ದರೆ ತಾಯಿ ಮಗುವನ್ನು ಕಳಿಸುವುದಿಲ್ಲ. ಆಕೆ ಹತ್ತು ಮೈಲಿಯನ್ನು ನೋಡುವುದಿಲ್ಲ, ಆ ಇನ್ನೂರು ಗಜವನ್ನು ನೋಡುತ್ತಾಳೆ. ಆಕೆಯ ಲೆಕ್ಕವೇ ಸರಿ. ಸೈಕಲ್ಲಿನ ಚೈನಿನಲ್ಲಿ ಒಂದು ಕೊಂಡಿ ಕಳಚಿದರೆ ಉಳಿದ ನೂರು ಕೊಂಡಿ ಇದ್ದೂ ಇಲ್ಲದಂತೆ.

ಕೊಂಡಿ ಕೂಡಿಸುವ ಪ್ರಯತ್ನ ಆರಂಭವಾದದ್ದು ಮತ್ತೆ ಕಾಲ್ನಡಿಗೆಯಿಂದಲೇ. 1990ರಲ್ಲಿ ಇಸಾಕ್ವಾ ಸುತ್ತಿನ ಚಾರಣಿಗರು ಸ್ನೋಕ್ವಾಲ್ಮಿ ಕಣಿವೆಮಾರ್ಗದಿಂದ ಸಿಯಾಟಲ್ಲಿನ ಸಮುದ್ರದವರೆಗೆ ಹಲವು ದಿನ ನಡೆದರು. 1991ರಲ್ಲಿ ಮೌಂಟನ್ಸ್ ಟು ಸೌಂಡ್ ಗ್ರೀನ್‌ವೇ ಟ್ರಸ್ಟ್ ಹುಟ್ಟಿತು. ಈ ಭಾಗದಲ್ಲಿ ಸಾರ್ವಜನಿಕ ಕೆಲಸಕ್ಕೆ ಹೆಸರಾದ ಜಿಮ್ ಎಲಿಸ್ ಅದರ ಮೊದಲ ಅಧ್ಯಕ್ಷರು. ಬೆಟ್ಟದಿಂದ ಕಡಲಿನವರೆಗೆ ಹಸಿರು ಉಳಿಸುವುದು, ಅದರೊಳಗೆ ಒಂದೇ ದಾರಿ ಹೆಣೆಯುವುದು ಅದರ ಗುರಿ. 2019ರಲ್ಲಿ ಈ ಪ್ರದೇಶಕ್ಕೆ ರಾಷ್ಟ್ರೀಯ ಪರಂಪರೆಯ ಪ್ರದೇಶವೆಂಬ ಮಾನ್ಯತೆಯೂ ಬಂತು. ಇತ್ತ ಬೆಲ್ಲೆವ್ಯೂ ನಗರ 2009ರಲ್ಲಿ ಪಾದಚಾರಿ ಮತ್ತು ಸೈಕಲ್ ಯೋಜನೆ ಮಾಡಿತು. 2015ರಲ್ಲಿ ರಸ್ತೆಯ ಸಾವುಗಳನ್ನು ಸೊನ್ನೆಗೆ ಇಳಿಸುವ ಗುರಿಯನ್ನು ಒಪ್ಪಿತು. 2016ರಲ್ಲಿ ಊರಿನ ಮತದಾರರು ಇಂಥ ಕೆಲಸಗಳಿಗಾಗಿ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ಕೊನೆಗೆ 2020ರ ದಶಕದ ಮೊದಲ ವರ್ಷಗಳಲ್ಲಿ ಐ-405ರಿಂದ 132ನೇ ಅವೆನ್ಯೂವರೆಗಿನ ತುಂಡನ್ನು ಕಟ್ಟಿದರು. ಫ್ಯಾಕ್ಟೋರಿಯಾದ ನಡುವೆ, ಹೆಚ್ಚು ತೊಡಕಿನ ಭಾಗ ಇದೇ. ಉಳಿದದ್ದನ್ನು ಹಂತ ಹಂತವಾಗಿ ಮಾಡುವ ಯೋಜನೆ ಹಾಕಿಕೊಂಡರು. ಮೇಷ್ಟ್ರು ಮತ್ತು ನಾನು ನಿಂತದ್ದು ಆ ಉಳಿದದ್ದರ ಅಂಚಿನಲ್ಲಿ.

ನಮ್ಮ ಪಕ್ಕದಲ್ಲಿಯೇ ಇನ್ನೊಂದು ಹಳೆಯ ಹಳಿಯೂ ಇದೆ. 1904ರಲ್ಲಿ ನಾರ್ದರ್ನ್ ಪೆಸಿಫಿಕ್ ಕಂಪನಿ ಸರೋವರದ ಪೂರ್ವದಂಡೆಯ ಗುಂಟ ರೆಂಟನ್ ಕಡೆಯಿಂದ ವುಡಿನ್‌ವಿಲ್ಲಿನವರೆಗೆ ಹಾಕಿದ ಹಳಿ ಅದು. ವಿಲ್‌ಬರ್ಟನ್ ಕಣಿವೆಯ ಮೇಲೆ ಸುಮಾರು ನೂರು ಅಡಿ ಎತ್ತರಕ್ಕೆ ನಿಂತ ಮರದ ಸೇತುವೆಯನ್ನು ನೀವೆಲ್ಲ ಕಾರಿನಿಂದ ನೋಡಿಯೇ ಇರುತ್ತೀರಿ. ಅದೇ ಹಳಿ ಐ-90ನ್ನು ಫ್ಯಾಕ್ಟೋರಿಯಾದ ಪಶ್ಚಿಮಕ್ಕೆ ಉಕ್ಕಿನ ಸೇತುವೆಯ ಮೇಲೆ ದಾಟುತ್ತದೆ. 1992ರಿಂದ 2007ರವರೆಗೆ ಅದರ ಮೇಲೆ ಊಟದ ರೈಲು ಓಡುತ್ತಿತ್ತು. 2008ರಲ್ಲಿ ಐ-405 ಅಗಲ ಮಾಡುವಾಗ ರೈಲಿನ ಒಂದು ಸಣ್ಣ ಸುರಂಗವನ್ನು ಕೆಡವಿದರು. ಹಳಿ ಎರಡು ತುಂಡಾಯಿತು.

ಅಷ್ಟಕ್ಕೇ ಜಾಗ ಚೂರುಚೂರಾಗಿ ಮಾರಿಹೋಗಬೇಕಿತ್ತು. ತಪ್ಪಿಸಿದ್ದು 1983ರ ಒಂದು ಕೇಂದ್ರ ಕಾನೂನು. ಓಡದ ಹಳಿಯ ಜಾಗವನ್ನು ಮುಂದೆಂದಾದರೂ ರೈಲಿಗೆ ಬೇಕಾಗಬಹುದೆಂದು ಹಾಗೆಯೇ ಕಾದಿರಿಸಿ, ಅಲ್ಲಿಯವರೆಗೆ ನಡೆಯುವ ದಾರಿಯಾಗಿ ಬಳಸಲು ಅದು ಅವಕಾಶ ಕೊಡುತ್ತದೆ. 1990ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. ಇದರ ಬಲದಿಂದ 2009ರಲ್ಲಿ ಸಿಯಾಟಲ್ ಬಂದರು ಸಂಸ್ಥೆ ಹಳಿಯ ಜಾಗವನ್ನು ಕೊಂಡಿತು. ನಂತರ ಕೌಂಟಿ ಮತ್ತು ನಗರಗಳು ತಮ್ಮ ತಮ್ಮ ಭಾಗ ಪಡೆದವು. ಕರ್ಕ್‌ಲೆಂಡ್ ನಗರ 2012ರಲ್ಲಿ 5.75 ಮೈಲಿಯನ್ನು 50 ಲಕ್ಷ ಡಾಲರಿಗೆ ಕೊಂಡು, ಡಾಂಬರಿಗೆ ಕಾಯದೆ ಜಲ್ಲಿಪುಡಿ ಹಾಸಿ, 2015ರಲ್ಲಿ ಜನರಿಗೆ ಬಿಟ್ಟಿತು. ಮೊದಲು ಜನ ಓಡಾಡಲಿ, ಅಂದ ಆಮೇಲೆ ಎಂಬ ಜಾಣತನ ಅದು. 2019ರಲ್ಲಿ ಇಡೀ ದಾರಿಗೆ ಈಸ್ಟ್‌ರೇಲ್ ಎಂಬ ಹೆಸರಾಯಿತು. ವಿಲ್‌ಬರ್ಟನ್ನಿನ ಮರದ ಸೇತುವೆಯನ್ನೂ ಸೈಕಲ್ಲಿಗೆ ಒಗ್ಗಿಸುವ ಕೆಲಸವನ್ನು ಕೌಂಟಿಯವರು ಕೈಗೆತ್ತಿಕೊಂಡರು.

ಇನ್ನು ಸಮಾಮಿಶ್ ಸರೋವರದ ಪೂರ್ವದಂಡೆಯ ದಾರಿ. ಬರ್ಕ್ ಮತ್ತು ಗಿಲ್ಮನ್‌ರ ಹಳಿಯದೇ ಇನ್ನೊಂದು ತುಂಡು. ಕೌಂಟಿ ಅದನ್ನು ಕೊಂಡದ್ದು 1998ರಲ್ಲಿ. ದಂಡೆಯ ಮನೆಗಳವರೊಡನೆ ವ್ಯಾಜ್ಯ ಮುಗಿಸಿಕೊಂಡು ರೆಡ್‌ಮಂಡಿನಿಂದ ಇಸಾಕ್ವಾವರೆಗೆ ಪೂರ್ಣ ಡಾಂಬರಾದದ್ದು 2023ರಲ್ಲಿ. ಇಪ್ಪತ್ತೈದು ವರ್ಷ! ಕೊಂಡ ವರ್ಷ ಹುಟ್ಟಿದ ಮಗು ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವಷ್ಟು ಕಾಲ. ಇದನ್ನು ನಿರಾಶೆಗಾಗಿ ಹೇಳುತ್ತಿಲ್ಲ. ಕೇಳುವುದನ್ನು ಇಂದು ಆರಂಭಿಸದಿದ್ದರೆ ನಮ್ಮ ಮಕ್ಕಳಿಗಲ್ಲ, ಮೊಮ್ಮಕ್ಕಳಿಗೂ ಸಿಗುವುದಿಲ್ಲ ಎಂಬುದಕ್ಕಾಗಿ ಹೇಳುತ್ತಿದ್ದೇನೆ.

ಊರಿನ ಕಡೆಯ ಮಾತನ್ನೂ ಆಡಬೇಕು. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಆರಂಭವಾಯಿತು. 450 ಸೈಕಲ್ಲು, 48 ನಿಲ್ದಾಣ. ಹೆಸರು ಕೇಳಿದರೇ ಬಾಡಿಗೆ ಸೈಕಲ್ ಅಂಗಡಿಯ ಗಂಟೆ ಕಿವಿಯಲ್ಲಿ ಕೇಳಿದಂತಾಗುತ್ತದೆ. ಬೆಂಗಳೂರಿನಲ್ಲಿ 2020ರಲ್ಲಿ, ಕೊರೋನಾ ಕಾಲದಲ್ಲಿ, ನಗರ ಭೂಸಾರಿಗೆ ನಿರ್ದೇಶನಾಲಯದವರು ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಸೈಕಲ್ ಪಥಕ್ಕೆ ಕಂಬಗಳನ್ನು ನೆಟ್ಟರು. ಉದ್ದೇಶ ಒಳ್ಳೆಯದು. ಆದರೆ ಅದು ರಸ್ತೆಯಿಂದಲೇ ಕಡ ತಂದ ಜಾಗ. ಮೆಟ್ರೋ ಕೆಲಸ ಬಂದಾಗ ಕಂಬಗಳು ಹೋದವು, ಪಥವೂ ಬಹುಪಾಲು ಹೋಯಿತು. 1903ರ ಸಿಯಾಟಲ್ಲಿನ ಕಥೆಯೇ ಮತ್ತೆ ನಡೆದಂತಾಯಿತು. ಕಾಟರಿಲ್‌ನ ದಾರಿ ಅಳಿಯಿತು, ಬರ್ಕ್-ಗಿಲ್ಮನ್ ದಾರಿ ಉಳಿಯಿತು. ವ್ಯತ್ಯಾಸವೇನು? ಒಂದಕ್ಕೆ ತನ್ನದೆಂಬ ನೆಲವೂ ಕಾಯುವ ಜನರೂ ಇದ್ದರು. ಇನ್ನೊಂದಕ್ಕೆ ಮೋಟಾರು ಬಂದ ಹೊತ್ತಿಗೆ ಎರಡೂ ಇರಲಿಲ್ಲ.

ಈ ಇತಿಹಾಸ ಹೇಳುವ ಪಾಠ ನನಗೆ ಕಂಡಂತೆ ಇಷ್ಟೇ. ದಾರಿಗಳು ಇಂಜಿನಿಯರುಗಳಿಂದ ಕಟ್ಟಲ್ಪಟ್ಟರೂ, ಹುಟ್ಟುವುದು ಸಾಮಾನ್ಯ ಸಂಸಾರಸ್ಥರು ಬಂದು ನಿಂತಾಗ. 1896ರ ಕ್ಲಬ್ಬು, 1971ರ ಎರಡು ಸಾವಿರ ಜನ, ಹಾಲೆಂಡಿನ ತಂದೆತಾಯಂದಿರು, 1990ರ ಚಾರಣಿಗರು, ಯಾರೂ ಮಂತ್ರಿಗಳಲ್ಲ. ಕಷ್ಟದ ಕೊನೆಯ ತುಂಡು ಯಾರೂ ಕೇಳದಿದ್ದರೆ ಕೊನೆಯವರೆಗೂ ಉಳಿದುಬಿಡುತ್ತದೆ.

ಫ್ಯಾಕ್ಟೋರಿಯಾ, ಈಸ್ಟ್‌ಗೇಟ್, ಇಸಾಕ್ವಾಗಳಲ್ಲಿ ನಮ್ಮ ಸಂಘದ ಕುಟುಂಬಗಳು ಸಾಕಷ್ಟಿವೆ. ನಾವು ರಾಜ್ಯೋತ್ಸವಕ್ಕೆ ಸಭಾಂಗಣ ಹುಡುಕುತ್ತೇವೆ, ಗಣೇಶನ ಹಬ್ಬಕ್ಕೆ ಸಾವಿರ ಜನರಿಗೆ ಪುಳಿಯೋಗರೆ ಕಲಸುತ್ತೇವೆ. ನಗರಸಭೆಯ ಸಾರಿಗೆ ಸಭೆಗೆ ಮಾತ್ರ ನಮ್ಮ ಮುಖಗಳು ಕಾಣುವುದು ಅಪರೂಪ. ಅಲ್ಲಿ ಮಾತಾಡಲು ಪೌರತ್ವದ ಕಾಗದ ತೋರಿಸಬೇಕಿಲ್ಲ. ಮೂರು ನಿಮಿಷ ಎದ್ದು ನಿಂತು, ನಮ್ಮ ಮಕ್ಕಳು ಶಾಲೆಗೆ, ನಮ್ಮ ಊರಿಂದ ಬಂದ ಹಿರಿಯರು ಅಂಗಡಿಗೆ, ಯಾರ ಹಂಗೂ ಇಲ್ಲದೆ ಹೋಗಿ ಬರುವಂತಾಗಬೇಕು ಎಂದರೆ ಸಾಕು. ಇಂಗ್ಲಿಷಿನ ಉಚ್ಚಾರದ ಬಗ್ಗೆ ಯಾರೂ ಚಿಂತಿಸಬೇಡಿ.

ಮೇಷ್ಟ್ರು ಅಕ್ಟೋಬರಿನಲ್ಲಿ ಊರಿಗೆ ಹಿಂದಿರುಗಿದರು. ಹೋಗುವ ಮುನ್ನ ತಮ್ಮ ಸೈಕಲ್ಲಿಗೆ ಎಣ್ಣೆ ಬಿಟ್ಟು, ಚಕ್ರದ ಗಾಳಿ ಇಳಿಸಿ, ಗ್ಯಾರೇಜಿನ ಗೋಡೆಗೆ ನೇತುಹಾಕಿ ಹೋಗಿದ್ದಾರೆ. ಮುಂದಿನ ಬೇಸಿಗೆಗೆ ಮತ್ತೆ ಬರುತ್ತಾರಂತೆ. ಈ ಬಾರಿ ಅವರು ಅದೇ ಪ್ರಶ್ನೆ ಕೇಳಿದಾಗ, ಇಂಥ ಸಭೆಗೆ ಇಷ್ಟು ಜನ ಹೋಗಿ ಕೇಳಿ ಬಂದೆವು ಸಾರ್ ಎಂದಾದರೂ ಹೇಳುವಂತಾಗಲಿ. ಮುಂದಿನ ಕೂಟದಲ್ಲಿ ಊಟದ ನಂತರ, ಬರಲು ಮನಸ್ಸಿರುವವರು ನನ್ನೊಡನೆ ಮಾತಾಡಬೇಕೆಂದು ವಿನಂತಿ.